ಮಾವನವರ ‘ಸರಿ ಇಲ್ಲ’

ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ನಮ್ಮ ಮಾವನವರ ಬಾಯಿಂದ ‘ಸರಿ’ ಎಂಬ ಪದ ಒಂಟಿಯಾಗಿ ಹೊರಬಿದ್ದದ್ದನ್ನು ನಾನು ಕೇಳಿರಲಿಲ್ಲ. ಬೆನ್ನಿಗೇ ‘ಇಲ್ಲ’ ಬರಲೇಬೇಕು! ಅವರು ಹೂಡಿದ್ದ ಕೇಸಿನ ತೀರ್ಪಿನ ದಿನ ಬೆಳಿಗ್ಗೆಯೂ ಅಷ್ಟೇ. ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಚಹಾದ ಬಣ್ಣ ಸರಿ ಇಲ್ಲ" ಎಂದರು. ಉಪ್ಪಿಟ್ಟನ್ನು ಬೆರಳಿಂದ ಒತ್ತಿ, "ಹದ ಸರಿ ಇಲ್ಲ" ಎಂದರು. ಆಮೇಲೆ ಎರಡನ್ನೂ ಎರಡೆರಡು ಸಲ ಹಾಕಿಸಿಕೊಂಡರು. ಇದೇ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಾಲು ತಪಾಸಣೆ ಮಾಡಿ ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿತು, ತಪಾಸಣೆ ಬಿಡಲಿಲ್ಲ!

ಇಂಥವರಿಗೆ ಯಾರಾದರೂ ಕಾರು ಬಾಡಿಗೆಗೆ ಕೊಡುವುದುಂಟೇ? ಊರೂರಿಗೂ ಕೌಂಟರ್ ಇಟ್ಟಿರುವ ಆ ದೊಡ್ಡ ಕಂಪನಿ ಕೊಟ್ಟಿತು, ಪಾಪ. ಕಲಬುರಗಿಯ ಮದುವೆಗೆ ಅತ್ತೆಯನ್ನು ತಾವೇ ಓಡಿಸಿಕೊಂಡು ಹೋಗುವ ಉಮೇದು ಮಾವನವರಿಗೆ. ಕಾರಿನ ಸುತ್ತ ಮುಕ್ಕಾಲು ಗಂಟೆ ಪ್ರದಕ್ಷಿಣೆ ಹಾಕಿದರು. ಕುಂದುಕೊರತೆ ಬರೆಯುವ ಫಾರಂ ಕೊಟ್ಟ ಕೌಂಟರಿನ ಹುಡುಗಿ, ಯಾವ ಭಾಷೆಯಾದರೂ ನಡೆಯುತ್ತದೆ ಎಂದಳಂತೆ. ಇವರು ಮುತ್ತಿನಂಥ ಕನ್ನಡದಲ್ಲಿ ಬರೆದರು: ‘ಎಡ ಬಾಗಿಲು ಸರಿ ಇಲ್ಲ.’ ಮುಹೂರ್ತಕ್ಕೆ ಹೊತ್ತಾಗಿತ್ತು, ಅದೇ ಕಾರಿನಲ್ಲಿ ಹೊರಟರು.

ಮರಳಿ ಬಂದು, ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಇಳಿದ ಅತ್ತೆ ಆ ಬಾಗಿಲು ಹಾಕಿದ್ದೇ ತಡ, ಅದು ಕಳಚಿ ಜೋತುಬಿತ್ತು. ವಾರದೊಳಗೆ ಕಂಪನಿಯ ಪತ್ರ: ‘ಪ್ರಯಾಣಿಕರ ಒರಟು ಬಳಕೆಯಿಂದ ಹಾನಿ.’ ಕಾರಿನಲ್ಲಿದ್ದ ಪ್ರಯಾಣಿಕರು ಅತ್ತೆ ಒಬ್ಬರೇ!

ಮಾವನವರು ನೇರ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಕಂಪನಿಯವರು ಗಾಬರಿಯಾಗಿ, ಬಾಗಿಲಿನ ರಿಪೇರಿ ಖರ್ಚು ಬೇಡ, ಕೇಸು ಹಿಂತೆಗೆದುಕೊಳ್ಳಿ ಎಂದರು.

"ನಿಮ್ಮ ಉಪಕಾರ ಬ್ಯಾಡ್ರಿ. ಆ ‘ಒರಟು’ ಅನ್ನೋದನ್ನ ಹೊಡದು ಹಾಕ್ರಿ!"

"ಹೋಗ್ಲಿ ಬಿಡ್ರಿ, ನಾನೇ ಭಾಳ ಜೋರ್ ಹಾಕೀನೇನೋ," ಎಂದರು ಅತ್ತೆ ಮೆಲ್ಲಗೆ.

"ನೀ ಸುಮ್ಕಿರು!"

ಪತ್ರ ಬಂದಂದಿನಿಂದ ಅತ್ತೆ ಬಾಗಿಲು ಹಾಕುವ ರೀತಿಯೇ ಬದಲಾಗಿದ್ದನ್ನು ನಾನು ಗಮನಿಸಿದ್ದೆ. ಫ್ರಿಜ್ಜನ್ನು ಎರಡೂ ಕೈಯಿಂದ, ಮಲಗಿದ ಮಗುವಿಗೆ ಹೊದಿಸಿದಂತೆ ಮುಚ್ಚುವರು. ಆಟೊದಲ್ಲಿ ಮಾತ್ರ ನಿರಾಳ. ಅದಕ್ಕೆ ಬಾಗಿಲೇ ಇಲ್ಲವಲ್ಲ!

ತೀರ್ಪಿನ ದಿನ ಅತ್ತೆ ಬರಲೊಲ್ಲೆ ಎಂದರು, ನಾನು ಹೋದೆ. ಕಂಪನಿಯ ವಕೀಲರು ಆ ಫಾರಂ ಎತ್ತಿ ಹಿಡಿದರು. ಕನ್ನಡದ ಅಕ್ಷರ ಅವರ ಕಣ್ಣಿಗೆ ತೆಲುಗಿನಂತೆ ಕಂಡಿತ್ತು! ತೆಲುಗಿನಲ್ಲಿ ‘ಇಲಾ’ ಎಂದರೆ ‘ಹೀಗೆ’. "ನೋಡಿ, ಇವರೇ ಬರೆದುಕೊಟ್ಟಿದ್ದಾರೆ, ‘ಸರಿ, ಇಲಾ’. ಅಂದರೆ ಬಾಗಿಲು ಹೀಗೇ ಸರಿಯಾಗಿದೆ ಅಂತ!"

ಮಾವನವರು ಎದ್ದರು. ಸಿಟ್ಟಿನಲ್ಲಿ ತೆಲುಗು, ಹಿಂದಿ ಎರಡೂ ಮರೆತುಹೋದವು. "ನಾ ಸರಿ ಅಂದೀನಿ? ನಾ? ನಮ್ಮ ಸೊಸಿನ್ನ ಕೇಳ್ರಿ ಸಾಹೇಬ್ರ!"

ನ್ಯಾಯಾಲಯದ ಅಧ್ಯಕ್ಷರ ಪಕ್ಕದಲ್ಲಿದ್ದ ಮಹಿಳಾ ಸದಸ್ಯರು ರಾಯಚೂರಿನವರು. ಫಾರಂ ಓದಿ ನಗು ತಡೆದುಕೊಂಡು ನನ್ನತ್ತ ತಿರುಗಿದರು. "ಯಾವತ್ತೂ ಅಂದಿಲ್ಲೇನವ್ವಾ?"

ಕಾನ್ವೆಂಟಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಂತೆ ನೆಟ್ಟಗೆ ನಿಂತೆ. "ಇಲ್ಲ ಮೇಡಂ. ನನ್ನನ್ನ ನೋಡಾಕ ಬಂದಾಗೂ ಅಂದಿಲ್ಲ!"

ಮಧ್ಯಾಹ್ನ ಆದೇಶ ಬಂತು. ಬಾಗಿಲು ಮೊದಲೇ ಕೆಟ್ಟಿತ್ತು, ಪ್ರಯಾಣಿಕರ ತಪ್ಪಿಲ್ಲ, ಕಂಪನಿ ಪತ್ರವನ್ನು ಹಿಂಪಡೆಯಬೇಕು. ಮಾವನವರು ಕನ್ನಡಕ ಏರಿಸಿ ಓದಿ ಮುಗಿಸಿದರು. "ಎರಡನೇ ಸಾಲಿನಾಗ ಕಾಮಾ ಸರಿ ಇಲ್ಲ."

ಮನೆಗೆ ಬಂದು ಆ ಹಾಳೆಯನ್ನು ಅತ್ತೆಯ ಕೈಗಿಟ್ಟರು. ಮುಖ ಮಾತ್ರ ಕಿಟಕಿಯ ಕಡೆಗೆ.

"ಬಾಗ್ಲ ನೀ ಹಾಕಿದ್ದು ಸರಿ."

ನಾನು ‘ಇಲ್ಲ’ಕ್ಕಾಗಿ ಕಾದೆ. ಬರಲಿಲ್ಲ.

ಸಂಜೆ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದೆ. ತಂತಿಯ ಮೇಲೆ ಒಂದು ಕರವಸ್ತ್ರವೂ ಅಲುಗುತ್ತಿರಲಿಲ್ಲ. ಪಕ್ಕದ ಮನೆಯ ಬೀದರಿನಾಕೆ ಸೊಪ್ಪು ಸೋಸುತ್ತ ಕೂಗಿದರು: "ಏನ್ ಗಾಳಿರೀ ಅಕ್ಕಾ ಇವತ್ತು! ನಿಮ್ಮ ಮನಿ ಬಾಗ್ಲ ಆಗಿಂದ ಧಡಾಧಡ್ ಬಡ್ಕೊಳ್ಳಾಕತ್ತೈತಿ."