ಫೈಲಿಗೆ ಬೀಳದ ಅಕ್ಷರಗಳು

ಮಧುಗಿರಿಯ ಒಂದು ಕಾಲೇಜಿನಲ್ಲಿ ನಾನು ಸಿ ಭಾಷೆಯ ಲ್ಯಾಬ್ ಮಾಡಿಸುತ್ತೇನೆ. ಇವತ್ತು ನಗಬಾರದು ಅಂತ ಮುಖ ಗಂಟು ಹಾಕಿಕೊಂಡೇ ಒಳಗೆ ಹೋಗುತ್ತೇನೆ; ಅರ್ಧ ಗಂಟೆಯೂ ತಡೆಯುವುದಿಲ್ಲ. ಅದರಲ್ಲೂ ಈ ವರ್ಷ ಒಬ್ಬಳು ಹುಡುಗಿ ಇದ್ದಳು. ಹೋದ ಸಲ ಇದೇ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದಳು. ಈ ಸಲವೂ ಹೋದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು. ಮಿಕ್ಕಿದ್ದೆಲ್ಲ ಬರುತ್ತಿತ್ತು, ಒತ್ತಿದ ಅಕ್ಷರಗಳನ್ನು ಒಂದೊಂದಾಗಿ ಫೈಲಿಗೆ ಬರೆಯುವ ಪ್ರೋಗ್ರಾಂ ಒಂದು ಬಿಟ್ಟು. ಅವಳ ಮೇಲೆ ನನಗೆ ಎಷ್ಟು ಸಿಟ್ಟೋ ಅಷ್ಟೇ ಅಕ್ಕರೆ.

೧. ಶ್ರೀಕಾರ

ಹೊಸ ಪುಸ್ತಕವಾಗಲಿ, ಪರೀಕ್ಷೆ ಪೇಪರಾಗಲಿ, ಮೊದಲು ‘ಶ್ರೀ’ ಬರೆಯದೆ ನಮ್ಮ ಕಡೆಯವರ ಪೆನ್ನು ಮುಂದೆ ಓಡುವುದಿಲ್ಲ. ಇವಳು ಫೈಲಿಗೂ ಶ್ರೀಕಾರ ಹಾಕಲು ಹೋದಳು. ಫೈಲಿಗೆ ಅಕ್ಷರ ಬರೆಯುವ ಎಫ್‌ಪುಟ್‌ಸಿ ಅನ್ನೋ ಫಂಕ್ಷನ್ನಿಗೆ ಇಡೀ ‘ಶ್ರೀ’ಯನ್ನು ಒಂದೇ ಏಟಿಗೆ ಕೊಟ್ಟಳು. ಫೈಲು ತೆರೆದರೆ ಒಳಗೆ ಏನೋ ವಿಚಿತ್ರ ಗುರುತು.

“ನೋಡಮ್ಮಾ, ಅದು ಒಂದು ಸಲಕ್ಕೆ ಒಂದೇ ಬೈಟ್ ತಗೊಳ್ಳೋದು. ನಿನ್ನ ಶ್ರೀಗೆ ಹನ್ನೆರಡು ಬೈಟ್ ಬೇಕು. ಬಿಡಿಬಿಡಿಯಾಗಿ ಕಳಿಸ್ಬೇಕು” ಅಂದೆ.

ಹುಡುಗಿ ಕೆನ್ನೆ ಬಡಿದುಕೊಂಡಳು. “ದೇವ್ರನ್ನ ತುಂಡು ತುಂಡು ಮಾಡಿ ಕಳ್ಸೋದಾ ಮೇಡಂ? ನನ್ ಕೈಲಾಗಲ್ಲ ಬುಡಿ!”

೨. ಸಾರಿಸಿದ್ದೇ ಸಾರಿಸಿದ್ದು

ಮುಂದಿನ ವಾರ ತನ್ನ ಹೆಸರನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಫೈಲಿನಲ್ಲಿ ಕೊನೆಯ ಅಕ್ಷರ ಮಾತ್ರ ಉಳಿದಿತ್ತು. ನೋಡಿದರೆ, ಪ್ರತಿ ಅಕ್ಷರಕ್ಕೂ ಫೈಲನ್ನು ಹೊಸದಾಗಿ ತೆರೆಯುತ್ತಿದ್ದಾಳೆ, ಅದೂ ಹಳೆಯದನ್ನೆಲ್ಲ ಅಳಿಸಿಹಾಕುವ ‘ಡಬ್ಲ್ಯೂ’ ಮೋಡಿನಲ್ಲಿ.

“ಯಾಕಮ್ಮಾ ಹೀಗೆ?”

“ಬಾಗಿಲು ಸಾರಿಸ್ದೆ ರಂಗೋಲಿ ಹೆಂಗಿಕ್ಕೋದು ಮೇಡಂ?”

ಪಕ್ಕದಲ್ಲಿದ್ದ ಶಿರಾ ಕಡೆಯ ಹುಡುಗಿಯೊಬ್ಬಳಿಗೆ ತಡೆಯಲಾಗಲಿಲ್ಲ. “ಅರೆ, ಒಂದೊಂದು ಚುಕ್ಕಿಗೂ ಸಾರಿಸ್ತಾ ಕೂತ್ರೆ ಯುಗಾದಿ ಬಂದ್ರೂ ನಿನ್ ರಂಗೋಲಿ ಮುಗಿಯಲ್ಲ ಕಣೇ!”

೩. ಹತ್ತಿ ಕೂತವರು

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಪಾವಗಡದಿಂದ ಬರಬೇಕಿತ್ತು. ಬಂದಾಗ ಹೊತ್ತು ಮೀರಿತ್ತು. ಪ್ರೈವೇಟ್ ಬಸ್ಸಿನವನು ಸೀಟು ತುಂಬದೆ ಹೊರಡಲೇ ಇಲ್ಲವಂತೆ. “ದೇವುಡಾ! ಆ ಹಸಿರು ಬಸ್ಸಿನ ಕಂಡಕ್ಟರು ಮನುಷ್ಯನಾ?” ಅಂತ ಬೈಯುತ್ತಲೇ ನಮ್ಮ ಹುಡುಗಿಯ ಪಕ್ಕ ಕೂತರು.

ಅವಳಿಗೆ ಬಂದದ್ದೂ ಅದೇ ಪ್ರೋಗ್ರಾಂ. ಹೆಸರು ಟೈಪ್ ಮಾಡಿದಳು. ಪ್ರೋಗ್ರಾಂ ಇನ್ನೂ ಓಡುತ್ತಿರುವಾಗಲೇ ಪರೀಕ್ಷಕರು ಫೈಲು ತೆರೆದು ನೋಡಿದರು. ಖಾಲಿ.

“ಏನೂ ಇಲ್ವಲ್ಲಮ್ಮಾ. ಸೊನ್ನೆ ಹಾಕ್ಲಾ?”

“ಇಲ್ಲ ಸಾರ್, ಎಲ್ಲಾ ಹತ್ತಿ ಕೂತವೆ. ಗಾಡಿ ಹೊರಟಿಲ್ಲ ಅಷ್ಟೆ.”

“ಯಾವ ಗಾಡಿ?”

“ಬಫರ್ ಸಾರ್. ಅಕ್ಷರ ಬಂದಂಗೆ ಬಂದಂಗೆ ಫೈಲಿಗೆ ಹೋಗಲ್ಲ, ಮೆಮೊರಿಯಾಗೆ ಕಾಯ್ತಾ ಕೂತಿರ್ತವೆ. ಒಂದೋ ಬಫರ್ ತುಂಬ್ಬೇಕು, ಇಲ್ಲಾ ಫೈಲು ಮುಚ್ಚೋ ಎಫ್‌ಕ್ಲೋಸ್ ವಿಷಲ್ ಊದ್ಬೇಕು.” ಮುಗಿಸುವ ಕೀ ಒತ್ತಿ, “ರೈಟ್, ರೈಟ್” ಅಂದಳು. ಫೈಲು ಮತ್ತೆ ತೆರೆದರೆ ಹೆಸರು ಪೂರ್ತಿ ಬಂದಿತ್ತು. ನನಗೆ ಹೋದ ಜೀವ ಬಂತು.

ಪರೀಕ್ಷಕರು ನಕ್ಕುಬಿಟ್ಟರು. “ಪಾಸ್ ಕಣಮ್ಮ! ಇಷ್ಟು ಚೆನ್ನಾಗಿ ಯಾರು ಹೇಳ್ಕೊಟ್ರು?”

ನಾನು ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

“ಮೇಡಂ ಹೇಳ್ದಾಗ ತಲೆಗೆ ಹೋಗ್ಲಿಲ್ಲ ಸಾರ್. ನಮ್ಮಪ್ಪನ್ನ ನೋಡಿ ತಿಳ್ಕಂಡೆ. ಆ ಹಸಿರು ಬಸ್ಸಿನ ಕಂಡಕ್ಟರು ಅವ್ರೇಯ.”

ಪರೀಕ್ಷಕರು ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗಿಯೇ ಸಮಾಧಾನ ಮಾಡಿದಳು: “ಬೇಜಾರ್ ಮಾಡ್ಕಬೇಡಿ ಸಾರ್. ಫೋನ್ ಮಾಡಿ ಹೇಳ್ತೀನಿ, ಸಂಜೆ ನಿಮ್ಗೆ ಕಿಟಕಿ ಸೀಟೇ ಇಟ್ಟಿರ್ತಾರೆ. ಆದ್ರೆ ತುಂಬೋಗಂಟ ಗಾಡಿ ಮಾತ್ರ ಎತ್ತಲ್ಲ.”