ಕಣ್ಣಿಗೆ ಕಾಣದ ಕೋಳಿ

ಕಣ್ಣಿಗೆ ಕಾಣದ್ದರ ಜೊತೆ ಕೆಲಸ ಮಾಡುವವರಿಗೆ ಕಣ್ಣಿಗೆ ಕಾಣುವ ಜನರಿಂದ ವಾರಕ್ಕೊಂದಾದರೂ ಫಜೀತಿ ತಪ್ಪಿದ್ದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕಿ. ಗಿಡಗಳು ವಿಟಮಿನ್ ತಯಾರಿಸಿಕೊಳ್ಳಲು ಬಳಸುವ ಒಂದು ಕಿಣ್ವವಿದೆ. ಅದರ ಜೀನನ್ನು 'ಈ ಕೋಲಿ' ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ, ಪಾಪ, ಅದು ಗಿಡದ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಆಮೇಲೆ ನಾವು ಅದನ್ನು ಒಡೆದು ಕಿಣ್ವ ತೆಗೆದುಕೊಳ್ಳುತ್ತೇವೆ. ಉಪಕಾರ ಸ್ಮರಣೆ ಅಂದರೆ ಇದೇ.

ಫೋನು

ನಿಜಲಿಂಗಪ್ಪ ಬಡಾವಣೆಯಲ್ಲಿ ನನಗೆ ರೂಮು ಕೊಟ್ಟಿದ್ದ ಆಂಟಿಯದು ಮೊಟ್ಟೆ ಎಂಬ ಪದವೂ ಹೊಸ್ತಿಲು ದಾಟದ ಮನೆ. ಒಂಟಿ ಹುಡುಗಿಗೆ ಇನ್ನೊಂದು ರೂಮು ಸಿಗುವ ಮಾತೇ ಇರಲಿಲ್ಲ. ಇದು ಹೋದರೆ ಅಪ್ಪ ನನ್ನನ್ನು ಊರಿಗೆ ಕರೆಸಿಕೊಳ್ಳುವುದು ಗ್ಯಾರಂಟಿ.

ಒಂದು ಸಂಜೆ ಆಂಟಿಯ ಫೋನಿಗೆ ನಮ್ಮ ಲ್ಯಾಬಿನ ಸರ್ ಕರೆ ಮಾಡಿದರು. ಕಾನ್ವೆಂಟಿನಲ್ಲಿ ಓದಿದ ನನ್ನ ಬಾಯಲ್ಲಿ 'ಲ'ವೂ 'ಳ'ವೂ ಅವಳಿಜವಳಿ. ಮೆಲ್ಲಗೆ ಹೇಳಿದೆ: "ಸರ್, ಈ ಕೋಲಿ ಚೆನ್ನಾಗಿ ಬೆಳೆದಿದೆ. ನಾಳೆ ಒಡೆದು ಒಳಗಿರೋದನ್ನ ತೆಗೀತೀನಿ."

ರಿಸೀವರ್ ಇಡುವಷ್ಟರಲ್ಲಿ ಆಂಟಿ ಎದುರಿಗೆ ನಿಂತಿದ್ದರು.

"ಯಾವ ಕೋಳಿನವ್ವಾ ನಾಳೆ ನೀನು ಕೊಯ್ಯದು?"

"ಕೋಳಿ ಅಲ್ಲ ಆಂಟಿ, ಸೂಕ್ಷ್ಮಜೀವಿ. ಎಲ್ಲರ ಹೊಟ್ಟೇಲೂ ಇರುತ್ತೆ. ನಿಮ್ಮ ಹೊಟ್ಟೇಲೂ."

ಆಂಟಿ ಒಳಗಿದ್ದ ಅಂಕಲ್‌ಗೆ ಕೂಗಿ ಹೇಳಿದರು: "ಏನ್ರೀ, ಕೇಳಿದ್ರಾ? ನನ್ನ ಹೊಟ್ಟೆಯಾಗ ಕೋಳಿ ಐತಂತೆ!"

ಅಂಕಲ್ ಪೇಪರಿನಿಂದ ತಲೆ ಎತ್ತಲಿಲ್ಲ. "ಅದಕ್ಕೇ ಮತ್ತೆ, ನಸುಕಿನಾಗೇ ಎದ್ದು ಕೂಗ್ತಿ."

ಐಸು

ಅಂಕಲ್ ಮೇಲಿನ ಸಿಟ್ಟು ನನ್ನ ಮೇಲೆ ಇಳಿಯಿತು. "ನಾಡಿದ್ದು ನಾನೇ ಲ್ಯಾಬಿಗೆ ಬಂದು ನೋಡ್ತೀನಿ. ಕೋಳಿ ಇತ್ತಂದ್ರೆ ರೂಮ್ ಖಾಲಿ ಮಾಡವ್ವಾ."

ಆ ನಾಡಿದ್ದು ಬೆಳಿಗ್ಗೆಯೇ ಕರೆಂಟು ಹೋಯಿತು. ತೆಗೆದಿಟ್ಟ ಕಿಣ್ವ ತಣ್ಣಗಿರದಿದ್ದರೆ ಕೆಟ್ಟುಹೋಗುತ್ತದೆ. ಊರೆಲ್ಲ ಸುತ್ತಿದರೂ ಐಸು ಇಲ್ಲ. ಕೊನೆಗೆ ಸಿಕ್ಕಿದ್ದು ಹರಿಹರದಲ್ಲಿ, ಹೊಳೆ ಹತ್ತಿರ ಮೀನು ಮಾರುವವನ ಬಳಿ. ಐಸಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ವಾಸನೆಗೆ ಅರ್ಧ ಬಸ್ಸು ನನ್ನ ಕಡೆ ತಿರುಗಿತು.

ಕಂಡಕ್ಟರ್ ಮೂಗು ಮುಚ್ಚಿಕೊಂಡು ಕೇಳಿದ: "ಯಾವ ಮೀನ್ರಿ ಅಕ್ಕಾರೆ?"

"ಮೀನಿಲ್ಲ. ಬರೀ ಐಸು," ಎಂದೆ, ಅರ್ಧ ದನಿಯಲ್ಲಿ.

ಆತ ಮುಚ್ಚಳ ಎತ್ತಿ ಇಣುಕಿದ. "ಹೌದಲ್ಲ! ಮತ್ತೆ ಮೀನು ಎಲ್ಲಿ ಇಳೀತು? ಟಿಕೆಟ್ ತಗಂಡಿತ್ತಾ?"

ತಪಾಸಣೆ

ಆಂಟಿ ಬಂದೇ ಬಂದರು. ಸರ್ ಅಷ್ಟರಲ್ಲಿ ನೆಲಕ್ಕೆಲ್ಲ ಫಿನಾಯಿಲ್ ಹಾಕಿಸಿ ಮೀನಿನ ವಾಸನೆಯನ್ನು ಆಸ್ಪತ್ರೆ ವಾಸನೆ ಮಾಡಿಟ್ಟಿದ್ದರು. ಆಂಟಿ ಮೇಜಿನ ಕೆಳಗೆ ಬಗ್ಗಿ ನೋಡಿದರು, ಬೀರು ತೆಗೆಸಿದರು, ಫ್ರಿಜ್ಜಿನ ಹಿಂದೆ ಕೈಯಾಡಿಸಿದರು. ಏನೂ ಸಿಗಲಿಲ್ಲ.

ಸರ್ ಒಂದು ಗಾಜಿನ ಫ್ಲಾಸ್ಕ್ ಎತ್ತಿ ತೋರಿಸಿದರು. "ಇದರೊಳಗೇ ಇರೋದಮ್ಮಾ."

"ಇದು ನೀರುಮಜ್ಜಿಗೆ ಅಲ್ಲೇನ್ರಿ?" ಎಂದರು ಆಂಟಿ. ಆಮೇಲೆ ಕಣ್ಣು ಕಿರಿದು ಮಾಡಿ, "ಇದಕ್ಕೆ ತಿನ್ನಾಕ ಏನು ಹಾಕ್ತೀರಿ?"

ನನ್ನ ರೂಮು ಆ ಉತ್ತರದ ಮೇಲೆ ನಿಂತಿತ್ತು.

"ಹಾಲಿಂದ ತೆಗೆದ ಪ್ರೋಟೀನು," ಎಂದರು ಸರ್. "ಉಪ್ಪು. ಸ್ವಲ್ಪ ಯೀಸ್ಟು, ಬ್ರೆಡ್ಡಿಗೆ ಹಾಕ್ತಾರಲ್ಲ, ಅದು. ಒಳಗೆ ನಾವು ಸೇರಿಸಿರೋದು ಗಿಡದ ಜೀನು."

"ಮಾಂಸ?"

"ಇಲ್ಲವೇ ಇಲ್ಲ."

ಆಂಟಿ ಬೆರಳು ಮಡಿಸಿದರು. "ಹಾಲು. ಉಪ್ಪು. ಸೊಪ್ಪು." ನನ್ನ ಬೆನ್ನು ತಟ್ಟಿದರು. "ರೂಮ್ ಬಿಡದು ಬ್ಯಾಡವ್ವಾ. ಇದು ನಮ್ಮ ಮಂದೀನೇ!"

ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಆಂಟಿ ಬಹಳ ಅಕ್ಕರೆಯಿಂದ ಸರ್ ಕಡೆ ತಿರುಗಿದರು.

"ನೀವು ಯಾವ ಮಂದಿ, ಸರ?"

ಭಾನುವಾರಕ್ಕೊಂದು ಕೋಳಿ ಮುಗಿಸುವ ನಮ್ಮ ಸರ್, "ಒಂದ್ನಿಮಿಷ ಅಮ್ಮಾ, ಮಷೀನ್ ಓಡ್ತಾ ಇದೆ, ಆಫ್ ಮಾಡಿ ಬಂದೆ" ಎಂದು ಪಕ್ಕದ ಕೋಣೆಗೆ ಓಡಿದರು.

ಕರೆಂಟು ಇನ್ನೂ ಬಂದಿರಲಿಲ್ಲ.