ಆರನೇ ವೃತ್ತದ ಗೌಸಬಿ

ಕೋವಿಡ್ ಕಳೆದ ಮೇಲೆ ಸವಣೂರು ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಬ್ಬನೇ ಒಬ್ಬ ರೋಗಿಯ ಕೂದಲೂ ಕೊಂಕಿಲ್ಲ ಎಂಬುದು ದಾಖಲಾದ ಸಂಗತಿ.

ಕಾರಣ ಸರಳ. ಆ ಕಾಲದಲ್ಲಿ ಅಂತರಕ್ಕೆಂದು ಅಂಗಳದ ತುಂಬ ಬಿಳಿ ವೃತ್ತಗಳನ್ನು ಬರೆದಿದ್ದರು. ಬಿಸಿಲು ತಾಳದ ಜನ ಸರದಿಯ ಗುರುತಿಗೆ ವೃತ್ತದಲ್ಲಿ ಚಪ್ಪಲಿ ಬಿಟ್ಟು ಬೇವಿನ ನೆರಳು ಸೇರಿದರು. ರೋಗಿಗಳ ಸುರಕ್ಷತೆ ಪರಿಶೀಲಿಸಲು ಬಂದ ಸಮಿತಿ ಜೀಪಿನಿಂದ ಇಳಿಯದೆಯೇ ಎಲ್ಲವನ್ನೂ ಕಣ್ಣಾರೆ ಕಂಡು ಸುತ್ತೋಲೆ ಹೊರಡಿಸಿತು: "ವೃತ್ತದೊಳಗೆ ಇರುವುದನ್ನು ರೋಗಿ ಎಂದು ಪರಿಗಣಿಸತಕ್ಕದ್ದು. ಹೊರಗಿರುವವರು ಸಾರ್ವಜನಿಕರು." ಅಂದಿನಿಂದ ದಿನಕ್ಕೆರಡು ಸಲ ಚಪ್ಪಲಿಗಳ ಆರೋಗ್ಯ ವಿಚಾರಿಸಿ ಬರೆದಿಡುತ್ತಾರೆ. ಜ್ವರವಿಲ್ಲ, ಕೆಮ್ಮಿಲ್ಲ, ದೂರುಗಳಂತೂ ಇಲ್ಲವೇ ಇಲ್ಲ.

ಅರವತ್ತರ ಗೌಸಬಿಗೆ ಮಾತ್ರ ಮೂರು ದಿನದಿಂದ ತಲೆಸುತ್ತು. ಬಿ.ಪಿ. ಮಾತ್ರೆ ಕೇಳಿದವಳಿಗೆ ಯಾರದೋ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟಿದ್ದರು. ಅವಳಿಗೆ ಹೆದರಿಕೆಯಾಗಿತ್ತು, ಜೀವಭಯ. ಚಪ್ಪಲಿಯನ್ನು ಆರನೇ ವೃತ್ತದಲ್ಲಿ ಬಿಟ್ಟು, ಕಿಟಕಿಗೆ ಬಂದು ನರ್ಸ್ ವಾಣಿಶ್ರೀಗೆ ಮಾತ್ರೆ ತೋರಿಸಿದಳು.

"ಅಕ್ಕಾರ, ಈ ಗುಳಿಗಿ ನಂದಲ್ರಿ. ತಗೊಂಡ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ."

"ಯಾರ್ರಿ ನೀವು?"

"ಗೌಸಬಿ ರೀ."

ವಾಣಿಶ್ರೀ ಅಂಗಳ ನೋಡಿದಳು, ರಜಿಸ್ಟರ್ ನೋಡಿದಳು. "ಗೌಸಬಿ ಆರನೇ ನಂಬರಿನ್ಯಾಗ ಆರಾಮ ಅದಾರ್ರಿ. ಅವರಿಗಿಲ್ಲದ ತ್ರಾಸ ನಿಮಗ್ಯಾಕ?"

ಗೌಸಬಿ ಹೋಗಿ ತನ್ನ ಚಪ್ಪಲಿಯ ಪಕ್ಕ ನಿಂತಳು.

"ಒಂದ ರೌಂಡಿನ್ಯಾಗ ಇಬ್ಬರು ನಿಲ್ಲಂಗಿಲ್ರಿ! ಅಂತರ ಇರ್ಲಿ!"

ಚಪ್ಪಲಿಯನ್ನು ಕೈಗೆತ್ತಿಕೊಂಡಳು.

"ಹಂಗ ಮಾಡಿದ್ರ ರೋಗಿ ಹೇಳದ ಕೇಳದ ಹೋದ್ರು ಅಂತ ಬರೀಬೇಕಾಗ್ತೈತಿ. ಆಮ್ಯಾಲೆ ಗುಳಿಗಿ ಬಂದ್ ಅಕ್ಕಾವ ನೋಡ್ರಿ."

ಗೌಸಬಿ ಗಾಬರಿಯಿಂದ ಚಪ್ಪಲಿಯನ್ನು ಇದ್ದಲ್ಲೇ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲೇ ಕುಸಿದು ಬಿದ್ದಳು. ನೆರಳಿನಲ್ಲಿದ್ದವರು ಓಡಿ ಬಂದು ಬಾಯಿಗೆ ಬೆಲ್ಲವಿಟ್ಟು ಕೂರಿಸಿದರು. ಬಿದ್ದದ್ದು ವೃತ್ತದ ಹೊರಗೆ ಎಂದು ಖಾತ್ರಿಯಾದ ಮೇಲೆ ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಕೇಂದ್ರಕ್ಕೆ ಸುರಕ್ಷತಾ ಪ್ರಶಸ್ತಿ ಬರುವುದರಲ್ಲಿತ್ತು. ಗೌಸಬಿ ಚಪ್ಪಲಿಯನ್ನು ಅಲ್ಲೇ ನಿಗಾದಲ್ಲಿ ಬಿಟ್ಟು ಬರಿಗಾಲಲ್ಲಿ ಮನೆ ಸೇರಿದಳು.

ಮರುದಿನ ಮಗಳು ತಸ್ಲೀಮಾ ಕೇಳಿದಳು, "ಅಮ್ಮಾ, ಈಗ ಹ್ಯಾಂಗ ಅದಿ?"

"ನನಗೇನ ಗೊತ್ತ? ದವಾಖಾನಿಗೆ ಹೋಗಿ ಕೇಳ್ಕೊಂಡ ಬಾ."

ತಸ್ಲೀಮಾ ಹೋಗಿ ಕೇಳಿಕೊಂಡು ಬಂದಳು. "ಆರಾಮ ಅದಿಯಂತ. ಅದ ಗುಳಿಗಿ ಮುಂದುವರಸಬೇಕಂತ."

ಗೌಸಬಿಗೆ ಸಮಾಧಾನವಾಯಿತು. ನೀರು ತರಿಸಿ ಮಾತ್ರೆ ನುಂಗಿದಳು.